ಕರೆಂಟು ಹೋದ ಹೊತ್ತು

ಕರೆಂಟು ಹೋದರೆ ನಮ್ಮ ಓಣಿಯ ಹೆಂಗಸರು ನನ್ನ ಮುಖ ನೋಡಿ ನಗುತ್ತಿದ್ದರು. ಅದಕ್ಕೆ ಕಾರಣ ಇತ್ತು. ನನ್ನ ಗಂಡ ಶಂಕರೆಪ್ಪನವರದು ಹಿಟ್ಟಿನ ಗಿರಣಿ. ರಾಮದುರ್ಗದಲ್ಲಿ ಮುಂದೆ ಗಿರಣಿ, ನಡುವೆ ಸಣ್ಣ ಅಂಗಳ, ಹಿಂದೆ ನಮ್ಮ ಮನೆ. ಆಗ ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟು ತೆಗೆಯುತ್ತಿದ್ದರು. ಪಟ್ಟಾ ನಿಲ್ಲುತ್ತಿತ್ತು, ಕಲ್ಲು ನಿಲ್ಲುತ್ತಿತ್ತು, ಅವರು ಹುಬ್ಬಿನ ಮೇಲಿನ ಹಿಟ್ಟನ್ನು ಟವೆಲಿನಿಂದ ಜಾಡಿಸಿಕೊಂಡು ಅಂಗಳ ದಾಟಿ ಮನೆಗೆ ಬರುತ್ತಿದ್ದರು. ಅವರ ಮೊದಲ ಹೆಂಡತಿಯ ಮಗ ಗೌರೀಶ ಆ ಹೊತ್ತಿಗೆ ಪೇಟೆಗೆ ಹೋಗಿರುತ್ತಿದ್ದ. ಸೊಸೆ ಶೀತಲ ಅಂಗನವಾಡಿಯಲ್ಲಿ ಇರುತ್ತಿದ್ದಳು. ಮನೆಯಲ್ಲಿ ನಾವಿಬ್ಬರೇ.

"ಕರೆಂಟ ಹೋತ ನೋಡವಾ, ಶಂಕರೆಪ್ಪನ ಮಷೀನ ಚಾಲೂ ಆತು" ಎಂದು ಎದುರು ಮನೆಯ ಯಲ್ಲವ್ವ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಕೇಳುವಂತೆ ಅನ್ನುತ್ತಿದ್ದಳು.

"ನಿನ್ನ ಗಂಡಂದು ಕರೆಂಟ ಇದ್ರೂ ಚಾಲೂ ಆಗೂದಿಲ್ಲಲ್ಲ, ಅದಕ್ಕ ಹೊಟ್ಟಿ ಉರಿ" ಎಂದು ನಾನು ಒಳಗಿನಿಂದಲೇ ಕೂಗುತ್ತಿದ್ದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೆಯೇ. ಆ ಬಾಯಿಯೇ ನನ್ನನ್ನು ತಿಂದಿತು. ಅದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ನಾಚಿಕೆ ಆಗುವವರು ಇಲ್ಲಿಗೇ ನಿಲ್ಲಿಸಲಿ.

ನನ್ನ ಹೆಸರು ಸತ್ಯವ್ವ. ಊರು ಸಾಲಹಳ್ಳಿ. ಇಪ್ಪತ್ತಾರನೇ ವಯಸ್ಸಿಗೆ ಮೊದಲ ಗಂಡ ಹಾವು ಕಚ್ಚಿ ಸತ್ತ. ಮಕ್ಕಳಿರಲಿಲ್ಲ. ಅಲ್ಲಿಂದ ಹದಿನೆಂಟು ವರ್ಷ ಮದುವೆಮನೆಗಳಿಗೆ, ಜಾತ್ರೆಗೆ ಹೋಗುವವರಿಗೆ ಕಡಕ್ ರೊಟ್ಟಿ ಬಡಿದು ಕೊಟ್ಟು ಹೊಟ್ಟೆ ಹೊರೆದೆ. ತೊಂಬತ್ತೆಂಟರಲ್ಲಿ ಶಂಕರೆಪ್ಪನವರು ತಮ್ಮ ಹೆಂಡತಿ ತಂಗೆವ್ವನ ವರ್ಷದ ಪುಣ್ಯತಿಥಿಗೆ ಐದುನೂರು ರೊಟ್ಟಿ ಬೇಕೆಂದು ನನ್ನ ಮನೆಗೆ ಬಂದರು. ಬುಟ್ಟಿಯಿಂದ ಒಂದು ರೊಟ್ಟಿ ಮುರಿದು ನಿಂತೇ ತಿಂದರು.

"ಎಳ್ಳ ಹೆಚ್ಚಾಗ್ಯಾವ" ಅಂದರು.

"ಹೆಚ್ಚಾಗಿದ್ರ ಆರಿಸಿ ಒಗೀರಿ. ರೊಟ್ಟಿ ಬೇಕೋ, ಎಳ್ಳ ಎಣಸಾಕ ಬಂದೀರೋ?" ಅಂದೆ.

ಅವರು ನಕ್ಕರು. ಹೆಂಡತಿ ಸತ್ತು ವರ್ಷ ತುಂಬುವುದರೊಳಗೆ ಪರ ಹೆಂಗಸಿನ ಮುಂದೆ ನಕ್ಕೆನಲ್ಲ ಎಂದು ತಟ್ಟನೆ ಬಾಯಿ ಮುಚ್ಚಿಕೊಂಡರು. ಒಂದು ತಿಂಗಳಾದ ಮೇಲೆ ಮತ್ತೆ ಬಂದರು.

"ಈ ಸಲ ಎಷ್ಟ ರೊಟ್ಟಿ?"

"ಎರಡು" ಅಂದರು. "ದಿನಾ. ಸಾಯೂತನಕಾ."

ನಮಗೆ ಉಡಿಕಿ ಆಯಿತು. ಉಡಿಕಿ ಎಂದರೆ ವಿಧವೆಯ ಮರುಮದುವೆ. ಹಂದರ ಇಲ್ಲ, ವಾಲಗ ಇಲ್ಲ, ಅರಿಷಿಣ ಇಲ್ಲ. ಮುತ್ತೈದೆಯರು ಆ ಕಡೆ ಸುಳಿಯುವುದೂ ಇಲ್ಲ. ಮಠದ ಹಿತ್ತಿಲಲ್ಲಿ ಸ್ವಾಮಿಗಳೊಬ್ಬರು ಹಸಿರು ಬಳೆ ತೊಡಿಸಿ, ತಾಳಿ ಕಟ್ಟಿಸಿ, ಎರಡು ಮಾತಿನಲ್ಲಿ ಮುಗಿಸಿದರು. ತಾಳಿಯ ಜೊತೆಗೆ ಕರಿ ದಾರದಲ್ಲಿ ಒಂದು ಟಾಕು ಕಟ್ಟಿದರು. ಉಗುರಿನಷ್ಟು ಬೆಳ್ಳಿ ತಗಡು, ಮೇಲೆ ಹೆಣ್ಣಿನ ಆಕಾರ ಕೊರೆದದ್ದು. ಅದು ಸತ್ತ ತಂಗೆವ್ವ. ಮೊದಲಿನವಳನ್ನು ಕೊರಳಲ್ಲಿ ಕಟ್ಟಿಕೊಂಡು ಓಡಾಡಿದರೆ ಅವಳು ಎರಡನೆಯವಳನ್ನು ಕಾಡುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ.

ನನ್ನನ್ನು ಕಾಡಲು ಸತ್ತವಳು ಬೇಕಿರಲಿಲ್ಲ. ಗಂಡನ ಅಕ್ಕ ಬಾಯವ್ವ ಇದ್ದಳು. ಅವಳನ್ನು ಸವದತ್ತಿಗೆ ಕೊಟ್ಟಿತ್ತು. ತಿಂಗಳಿಗೊಮ್ಮೆಯಾದರೂ ತಮ್ಮನ ಮನೆಗೆ ಬರುತ್ತಿದ್ದಳು. ನಾನು ಮನೆ ಹೊಕ್ಕ ದಿನವೇ ಅಡಿಗೆಮನೆಯ ಬಾಗಿಲಲ್ಲಿ ನಿಲ್ಲಿಸಿ ಹೇಳಿದಳು: "ನೋಡ ಸತ್ಯವ್ವ, ನೀ ಈ ಮನಿಗೆ ಬಂದದ್ದು ನನ್ನ ತಮ್ಮನ ಹಾಸಿಗಿಗೆ. ಹೊಸ್ತಿಲಾ ಪೂಜಿ ಮಾಡಾಕಲ್ಲ, ತೊಟ್ಟಲಾ ಕಟ್ಟಾಕಲ್ಲ. ಅದು ನೆನಪಿರಲಿ."

ನಾನು ತಿರುಗಿ ಬೈದೆ. ಆದರೆ ಮಾತು ಒಳಗೆ ನೆಟ್ಟಿತು. ಲೆಕ್ಕ ಹಾಕಿದರೆ ಅವಳು ಹೇಳಿದ್ದು ಸರಿಯೇ ಇತ್ತು. ಈ ಮನೆಯಲ್ಲಿ ನನ್ನ ಹೊಟ್ಟೆಯ ಮಗು ಇಲ್ಲ. ಆ ವಯಸ್ಸಿನಲ್ಲಿ ಆಗುವ ಆಸೆಯೂ ಇಲ್ಲ. ಹಬ್ಬಕ್ಕೆ ನನಗೆ ಯಾರೂ ಉಡಿ ತುಂಬುವುದಿಲ್ಲ. ಉಳಿದದ್ದು ಆ ಹಾಸಿಗೆ ಒಂದೇ.

ಹಾಸಿಗೆಯ ಬಗ್ಗೆ ಸುಳ್ಳು ಹೇಳುವುದಿಲ್ಲ. ನನಗೆ ಅದು ಬೇಕಿತ್ತು. ಹದಿನೆಂಟು ವರ್ಷ ಒಬ್ಬರ ಕೈ ಮೈಗೆ ಸೋಕದೆ ಬದುಕಿದವಳಿಗೆ ಮಧ್ಯಾಹ್ನ ಕರೆಂಟು ಹೋಗುವುದನ್ನು ಕಾಯುವ ಹಾಗಾಯಿತು. ಅವರ ಮೈಯೆಲ್ಲ ಬಿಸಿ ಜೋಳದ ಹಿಟ್ಟಿನ ವಾಸನೆ. ಹತ್ತಿರ ಬರುವ ಮೊದಲು ನನ್ನ ಕೊರಳಿನ ಟಾಕನ್ನು ಒಂದು ಬೆರಳಿನಿಂದ ಸರಿಸಿ ಬೆನ್ನ ಹಿಂದೆ ಹಾಕುತ್ತಿದ್ದರು. "ತಂಗೆವ್ವಾ, ನೀ ಸ್ವಲ್ಪ ಆ ಕಡೆ ನೋಡವಾ" ಅನ್ನುತ್ತಿದ್ದರು. ನಾನು ನಕ್ಕು ಅವರ ಎದೆಗೆ ಗುದ್ದುತ್ತಿದ್ದೆ. ನಲವತ್ತೈದು ವರ್ಷದವಳು ನಾನು, ಐವತ್ತು ದಾಟಿದವರು ಅವರು. ಮೂರು ವರ್ಷ ಹೀಗೆ ನಡೆಯಿತು.

ಎರಡು ಸಾವಿರದ ಒಂದರಲ್ಲಿ ನನ್ನ ಮುಟ್ಟು ನಿಂತಿತು. ಪೀಡೆ ಹೋಯಿತು ಎಂದುಕೊಂಡೆ. ನಾಲ್ಕೈದು ತಿಂಗಳಿಗೆ ಉರಿ ಶುರುವಾಯಿತು. ಉಚ್ಚೆಗೆ ಕುಳಿತರೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಹೋಗಿ ಬಂದು ಕುಳಿತರೆ ಮತ್ತೆ ಅವಸರ. ಹಂಚಿನ ಮೇಲೆ ರೊಟ್ಟಿ ಹಾಕಿ ಬಚ್ಚಲಿಗೆ ಓಡುತ್ತಿದ್ದೆ, ಬರುವಷ್ಟರಲ್ಲಿ ರೊಟ್ಟಿ ಕರಕಾಗಿರುತ್ತಿತ್ತು. ಕೊತ್ತಂಬರಿ ಬೀಜದ ನೀರು ಕುಡಿದೆ, ಸಬ್ಬಕ್ಕಿ ಗಂಜಿ ಕುಡಿದೆ. ಪೇಟೆಯ ದವಾಖಾನೆಯಲ್ಲಿ ಮೂರು ಸಲ ಗುಳಿಗೆ ಕೊಟ್ಟರು. ಗುಳಿಗೆ ತಿಂದರೂ ಅದೇ. ಉಚ್ಚೆ ಪರೀಕ್ಷೆ ಮಾಡಿಸಿದರೆ "ಏನೂ ಇಲ್ಲಲ್ಲಬೇ, ಸ್ವಚ್ಛ ಐತಿ" ಅಂದರು. ಸ್ವಚ್ಛ ಇದ್ದರೆ ಉರಿ ಎಲ್ಲಿಂದ ಬಂತು ಎಂದು ಕೇಳಿದರೆ ಮುಂದಿನ ಪೇಶಂಟನ್ನು ಕರೆದರು.

ಮಧ್ಯಾಹ್ನದ ಮಾತು ಅದಕ್ಕಿಂತ ಕೆಟ್ಟದಾಯಿತು. ಒಳಗೆಲ್ಲ ಒಣಗಿ ಹೋಗಿತ್ತು. ಗಾಯದ ಮೇಲೆ ಗೋಣಿತಟ್ಟು ತಿಕ್ಕಿದ ಹಾಗೆ ಆಗುತ್ತಿತ್ತು. ಒಂದು ಸಲ ಅವರ ಜೊತೆ ಇದ್ದರೆ ಎರಡು ದಿನ ಉಚ್ಚೆಯ ಉರಿ ಇಮ್ಮಡಿ. ಕೆಲವು ಸಲ ಸೀರೆಗೆ ರಕ್ತದ ಹನಿಯೂ ಹತ್ತುತ್ತಿತ್ತು.

"ನೋಯತೈತೇನ?" ಎಂದು ಅವರು ಕೇಳಿದ್ದಿದೆ. ಒಂದಲ್ಲ, ಹತ್ತು ಸಲ ಕೇಳಿದ್ದಾರೆ.

"ಇಲ್ರಿ. ನೋಯೂದಿಲ್ಲ" ಎಂದು ಹತ್ತು ಸಲವೂ ಹೇಳಿದೆ.

ಅವರಿಗೆ ಕಾಣದಂತೆ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದೆ. ಗೋಡೆಯಲ್ಲಿ ಸುಣ್ಣ ಎದ್ದು ಒಂದು ಎತ್ತಿನ ಮುಖದ ಹಾಗೆ ಕಾಣುತ್ತಿತ್ತು. ಅದನ್ನೇ ನೋಡುತ್ತ ಹಲ್ಲು ಕಚ್ಚುತ್ತಿದ್ದೆ. ಬಾಯವ್ವನ ಮಾತು ತಲೆಯಲ್ಲಿತ್ತು. ಹಾಸಿಗೆಗೆ ಬಂದವಳು ಹಾಸಿಗೆಗೂ ಆಗುವುದಿಲ್ಲ ಎಂದರೆ ಸಾಲಹಳ್ಳಿಗೆ ತಿರುಗಿ ಹೋಗಬೇಕೇ? ಎರಡು ವರ್ಷ ಹೀಗೆ ಕಳೆದೆ. ಬೇಕು ಅನ್ನುವ ಮನಸ್ಸು ಸತ್ತಿರಲಿಲ್ಲ. ಅದೇ ತಮಾಷೆ. ಅವರು ಅಂಗಳ ದಾಟಿ ಬರುವ ಹೆಜ್ಜೆ ಕೇಳಿದರೆ ಆಗಲೂ ಎದೆ ಹಾರುತ್ತಿತ್ತು, ಮರುಗಳಿಗೆ ಹೆದರಿಕೆ ಆಗುತ್ತಿತ್ತು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಸವದತ್ತಿಗೆ ಹೋಗುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ಕಂಡಕ್ಟರನಿಗೆ ಹೇಳಿದೆ. "ಇನ್ನ ಅರ್ಧಾ ತಾಸ ತಡೀಬೇ, ಸ್ಟ್ಯಾಂಡ ಬರತೈತಿ" ಅಂದ.

"ಅರ್ಧಾ ತಾಸ ನಿನ್ನ ಅವ್ವಗ ತಡಿ ಅನ್ನು. ನಿಲ್ಲಸ್ತೀಯೋ, ನಿನ್ನ ತೊಡಿಮ್ಯಾಲೆ ಬಂದು ಕುಂದರಲೋ?" ಎಂದು ಕೂಗಿದೆ. ಬಸ್ಸಿನಲ್ಲಿ ಎಲ್ಲ ನಕ್ಕರು. ಬಸ್ಸು ನಿಂತಿತು. ಇಳಿಯುವಾಗಲೇ ಸೀರೆ ತೊಯ್ದಿತ್ತು.

ಪಕ್ಕದ ಸೀಟಿನ ಹುಡುಗಿಯೊಬ್ಬಳು ನನ್ನ ಹಿಂದೆಯೇ ಇಳಿದು, ಜಾಲಿ ಕಂಟಿಯ ಮರೆಗೆ ಬಂದು, ತನ್ನ ದುಪ್ಪಟ್ಟಾ ಬಿಚ್ಚಿ ಅಡ್ಡ ಹಿಡಿದಳು. ಹೆಸರು ಸಂಘಮಿತ್ರಾ. ಬೈಲಹೊಂಗಲದಲ್ಲಿ ಒಬ್ಬ ಲೇಡಿ ಡಾಕ್ಟರರ ಹತ್ತಿರ ನರ್ಸ್.

"ಎಷ್ಟ ದಿನಾ ಆತ್ರಿ ಇದು?" ಎಂದು ಕೇಳಿದಳು.

"ಎರಡ ವರ್ಷ."

"ಮುಟ್ಟು ನಿಂತ ಮ್ಯಾಲೆ ಚಾಲೂ ಆತಲ್ರಿ?"

ಎರಡು ವರ್ಷದಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ನನಗೆ ಕಂಟಿಯ ಹಿಂದೆ ಕುಳಿತಲ್ಲೇ ಅಳು ಬಂತು. ಆ ವಾರವೇ ಬೈಲಹೊಂಗಲಕ್ಕೆ ಹೋದೆ.

ಡಾಕ್ಟರು ಪರೀಕ್ಷೆ ಮಾಡಿದರು. ರಕ್ತದ ಹನಿ ಕಂಡದ್ದನ್ನು ಹೇಳಿದ್ದಕ್ಕೆ ಗರ್ಭಚೀಲದ ಪರೀಕ್ಷೆಯನ್ನೂ ಮಾಡಿಸಿ, ಎಲ್ಲ ಸರಿ ಇದೆ ಎಂದು ಖಾತ್ರಿ ಮಾಡಿಕೊಂಡರು. ಎದೆಯಲ್ಲಿ ಗಂಟು ಇದೆಯೇ ಎಂದೂ ನೋಡಿದರು. ಆಮೇಲೆ ಹೇಳಿದರು: "ಮುಟ್ಟು ನಿಂತ ಮ್ಯಾಲೆ ಹೆಣ್ಣಿನ ಮೈಯಾಗ ಒಂದು ರಸ ಕಡಿಮಿ ಆಗತೈತ್ರಿ. ಒಳಗಿನ ಚರ್ಮ ತೆಳ್ಳಗ ಆಗತೈತಿ, ಒಣಗತೈತಿ. ಉಚ್ಚಿ ಚೀಲದ ಬಾಯೂ ಅಲ್ಲೇ ಬಾಜೂಕ ಐತಿ, ಅದೂ ಒಣಗತೈತಿ. ಅದಕ್ಕ ಉರಿ, ಅದಕ್ಕ ಅವಸರ. ನೀವು ತಿಂದ ಗುಳಿಗಿ ಇದಕ್ಕ ನಡಿಯೂದಿಲ್ಲ. ಆ ರಸಾನ ಹಚ್ಚಬೇಕು."

ಒಂದು ಟ್ಯೂಬು ಮುಲಾಮು ಕೊಟ್ಟರು. ಅದರ ಜೊತೆ ಸೂಜಿ ಇಲ್ಲದ ಸಿರಿಂಜಿನಂಥ ಒಂದು ಪ್ಲಾಸ್ಟಿಕ್ ನಳಿಗೆ. ಅದರಲ್ಲಿ ಗೆರೆಯವರೆಗೆ ಮುಲಾಮು ತುಂಬಿ ರಾತ್ರಿ ಮಲಗುವಾಗ ಒಳಗೆ ಹಾಕಿಕೊಳ್ಳಬೇಕು. ಎರಡು ವಾರ ದಿನಾ, ಆಮೇಲೆ ವಾರಕ್ಕೆ ಎರಡು ಸಲ. ಸಂಘಮಿತ್ರಾ ಅದನ್ನು ತುಂಬಿ ತೋರಿಸಿದಳು.

"ಆಮ್ಯಾಲೆ ಸೋಮವಾರ, ಗುರುವಾರ ಇಟ್ಕೋರಿ" ಅಂದರು ಡಾಕ್ಟರು.

"ಸೋಮಾರ ಉಪವಾಸರಿ. ಮಂಗಳಾರ ಶುಕ್ಕರಾರ ಎಲ್ಲಮ್ಮಂದು. ಗುರುವಾರ ಮಠಕ್ಕ ಹೋಗತೇನಿ, ಶನಿವಾರ ಗುಡಿಗೆ."

"ದೇವರಿಗಿ ಯಾವ ವಾರ ಬಿಟ್ಟೀರಿ?"

"ಬುಧವಾರ, ರವಿವಾರ ಖಾಲಿ ಅದಾವ್ರಿ."

ಡಾಕ್ಟರು ನಕ್ಕು ಹಾಗೆಯೇ ಬರೆದರು. ಇನ್ನೊಂದು ಮಾತು ಕೇಳಬೇಕಿತ್ತು. ಸೆರಗಿನ ತುದಿ ಹಿಂಡುತ್ತ ಕುಳಿತೆ. ಅವರೇ ಕೇಳಿದರು.

"ಯಜಮಾನ್ರ ಜೋಡಿ ಸಂಬಂಧ ಐತೇನ್ರಿ?"

"ಐತ್ರಿ. ಬೇಕೂ ಬೇಕ್ರಿ" ಅಂದೆ. ನನ್ನ ಜೀವಮಾನದಲ್ಲಿ ಆ ಮಾತನ್ನು ಒಬ್ಬರ ಮುಂದೆ ನೆಟ್ಟಗೆ ಹೇಳಿದ್ದು ಅದೊಂದೇ ಸಲ. ಹೇಳಬೇಕಾದವರ ಮುಂದೆ ಹೇಳಲಿಲ್ಲ.

"ಬೇಕಾದ್ರ ಬಿಡೂದು ಯಾಕ? ಹದಿನೈದ ದಿನಾ ತಡೀರಿ, ಗಾಯ ಮಾಯಲಿ. ಆಮ್ಯಾಲೆ ಧಾರಾಳ ಇರ್ರಿ. ಒಂದ ಮಾತು, ಜೋಡಿ ಇರೂಕಿಂತ ಸ್ವಲ್ಪ ಮೊದಲ ಇದನ್ನ ಹಾಕೋಬ್ಯಾಡ್ರಿ. ಇದು ಎಣ್ಣಿ ಅಲ್ಲ, ಔಷಧ. ಅವರ ಮೈಗೆ ಹತ್ತಬಾರದು."

"ನಮ್ಮದು ಕರೆಂಟ ಹೋದಾಗರಿ, ಮಧ್ಯಾಹ್ನ" ಅಂದೆ. ಡಾಕ್ಟರಿಗೆ ಅರ್ಥ ಆಗಲಿಲ್ಲ. ಸಂಘಮಿತ್ರಾ ಅತ್ತ ತಿರುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಮನೆಗೆ ಬಂದು ಗಂಡನಿಗೆ ಹೇಳಿದ್ದು ಇಷ್ಟೇ: "ಉರಿಮೂತ್ರಕ್ಕ ಔಷಧ ಕೊಟ್ಟಾರ. ಹದಿನೈದ ದಿನಾ ದೂರ ಇರ್ರಿ ಅಂದಾರ."

"ಹದಿನೈದ ದಿನಾ? ಕರೆಂಟ ಆಫೀಸಿನವರೂ ಇಷ್ಟ ದಿನಾ ತಗಿಯೂದಿಲ್ಲಲ್ಲ ಮಾರಾಯ್ತಿ!" ಅಂದರು. ಆದರೆ ಮಾತು ಪಾಲಿಸಿದರು. ಮಧ್ಯಾಹ್ನ ಬಂದು ನನ್ನ ಪಕ್ಕಕ್ಕೆ ಮಲಗಿ, ಗೋಡೆಯ ಮೇಲೆ ಬೆರಳಿನಿಂದ ದಿನ ಎಣಿಸಿ ತೋರಿಸಿ, ನಿದ್ದೆ ಮಾಡುತ್ತಿದ್ದರು.

ಎಂಟನೇ ದಿನಕ್ಕೆ ಉರಿ ಇಳಿಯಿತು. ಹನ್ನೆರಡನೇ ದಿನ ರಾತ್ರಿ ಒಂದು ಸಲವೂ ಏಳಲಿಲ್ಲ. ಬೆಳಿಗ್ಗೆ ಬಚ್ಚಲಿನಲ್ಲಿ ಕುಳಿತರೆ ನೀರು ನೀರಿನ ಹಾಗೆ ಹೋಯಿತು. ಉರಿ ಇಲ್ಲ, ಚುಚ್ಚುವುದಿಲ್ಲ. ಅಲ್ಲೇ ಗೋಡೆಗೆ ಹಣೆ ಹಚ್ಚಿ ಕುಳಿತೆ. ಶೀತಲ ಹೊರಗಿನಿಂದ "ಅತ್ತಿ, ಬಿದ್ರೇನ?" ಎಂದು ಬಾಗಿಲು ಬಡಿದಳು.

ಹದಿನೈದನೇ ದಿನ ತಲೆಗೆ ಸ್ನಾನ ಮಾಡಿದೆ. ಅಬ್ಬಲಿಗೆ ಹೂವು ತರಿಸಿದೆ. ಬೆಳಿಗ್ಗೆ ಗಿರಣಿಗೆ ಹೋಗುವಾಗ ಅವರು ಹಿಂತಿರುಗಿ ನೋಡಿ "ಇವತ್ತ ಕರೆಂಟ ಲಗೂ ಹೋಗಲೆಪಾ" ಎಂದು ಮುಗಿಲಿಗೆ ಕೈ ಮುಗಿದರು. ಅದು ಅವರು ನನ್ನೊಡನೆ ಆಡಿದ ಕೊನೆಯ ಚೇಷ್ಟೆ.

ಹನ್ನೊಂದು ಗಂಟೆಯ ಬಸ್ಸಿಗೆ ಬಾಯವ್ವ ಬಂದಳು. ಮೊಣಕಾಲು ನೋವು ಎಂದು ನರಳುತ್ತ ನಮ್ಮ ಕೋಣೆಯಲ್ಲೇ ಉರುಳಿದಳು. ಅಂದು ಶೀತಲಳಿಗೂ ರಜೆ. ನಾನು ಒಲೆಯ ಮುಂದೆ ಇದ್ದೆ. ಬಾಯವ್ವ ಗೋಡೆಯ ಮಾಡದಲ್ಲಿ ಇಟ್ಟಿದ್ದ ಟ್ಯೂಬು ನೋಡಿ, ನೋವಿನ ಮುಲಾಮು ಎಂದು ತಿಳಿದು ಎರಡೂ ಮೊಣಕಾಲಿಗೆ ತಿಕ್ಕಿಕೊಂಡಿದ್ದಾಳೆ. ಊಟ ಆದ ಮೇಲೆ ಹೊರಗೆ ಬಂದು "ಬೇಷ್ ಐತಿ ಮುಲಾಮ, ತಣ್ಣಗ ಆತು. ಯಾವ ಅಂಗಡ್ಯಾಗ ಸಿಗತೈತಿ?" ಎಂದು ಟ್ಯೂಬನ್ನು ಶೀತಲಳ ಕೈಗೆ ಕೊಟ್ಟಳು. ಶೀತಲ ಪಿಯುಸಿ ಓದಿದವಳು. ಟ್ಯೂಬಿನ ಮೇಲೆ ಬರೆದದ್ದನ್ನು ಓದಿದಳು. ಅವಳ ಮುಖ ಕೆಂಪಾಯಿತು.

"ಅತ್ತ್ಯಾರೆ, ಇದು ಮೊಣಕಾಲಿಂದ ಅಲ್ರಿ."

"ಮತ್ತ ಎಲ್ಲಿಂದ?"

ಶೀತಲ ಕಿವಿಯಲ್ಲಿ ಹೇಳಿದಳು. ಬಾಯವ್ವ ಮೊಣಕಾಲನ್ನು ಸೀರೆಯಿಂದ ಗಸಗಸ ಒರೆಸಿಕೊಂಡಳು. ನನಗೆ ನಗು ಬಂತು. ಆಗಲೇ ನಕ್ಕು ಸುಮ್ಮನಾಗಿದ್ದರೆ ಮುಗಿದುಹೋಗುತ್ತಿತ್ತು.

"ಥೂ ನಿನ್ನ! ಮುಟ್ಟು ನಿಂತ ಮುದಿಕಿ, ಸೊಸಿ ಬಂದಾಳ ಮನಿಗೆ, ಇನ್ನೂ ತೀಟಿ ತೀರಿಲ್ಲೇನ ನಿನಗ? ಔಷಧ ಹಚಗೊಂಡ ಮಲಗೂವಷ್ಟ ಆಗೈತೇನ? ಹದಿನೆಂಟ ವರ್ಷ ಉಪವಾಸ ಇದ್ದ ನಾಯಿಗೆ ಅನ್ನದ ಗಡಿಗಿ ಸಿಕ್ಕಂಗ, ನನ್ನ ತಮ್ಮನ್ನ ತಿನ್ನಾಕ ಬಂದಿ ನೀ!"

ಸೊಸೆಯ ಮುಂದೆ ಆ ಮಾತು. ನನ್ನ ಮೈಯೆಲ್ಲ ಉರಿದುಹೋಯಿತು. ಬೇಕು ಅಂದವಳು ನಾನೇ, ಹೂವು ಮುಡಿದು ಕುಳಿತವಳೂ ನಾನೇ. ಅದಕ್ಕೇ ಆ ಮಾತು ಅಷ್ಟು ತಾಗಿತು. ಅದನ್ನು ನನ್ನ ಮೇಲಿನಿಂದ ಕೊಡವಿಕೊಳ್ಳಬೇಕಿತ್ತು. ಕೊಡವಿ ಯಾರ ಮೇಲೆ ಹಾಕುತ್ತಿದ್ದೇನೆ ಎಂದು ನೋಡಲಿಲ್ಲ.

"ನನಗ ತೀಟಿ? ನನಗ?" ಎಂದು ಅಂಗಳಕ್ಕೆ ಬಂದು ಕೂಗಿದೆ. "ಎರಡ ವರ್ಷ ಬೆಂಕ್ಯಾಗ ಮಲಗೇನಿ ನಾ! ನಿನ್ನ ತಮ್ಮ ಮೈಮ್ಯಾಲೆ ಬಂದಾಗೆಲ್ಲಾ ಹಲ್ಲ ಕಚ್ಚಿ, ಗ್ವಾಡಿ ನೋಡಕೋತ, ಯಾವಾಗ ಮುಗೀತೈತೋ ಅಂತ ಮಲಗೇನಿ! ರಕ್ತ ಸುರದೈತಿ ನಂದು! ಎಲ್ಲಾ ಅವನ ಸಲುವಾಗಿ! ಬೇಕಾದ್ದು ಅವಗ, ನನಗಲ್ಲ! ಕೇಳ ಹೋಗ ನಿನ್ನ ತಮ್ಮನ್ನ!"

ಕೇಳುವ ಅಗತ್ಯ ಬೀಳಲಿಲ್ಲ. ಗಿರಣಿ ನಡೆಯುತ್ತಿದ್ದರೆ ಅಂಗಳದಲ್ಲಿ ಏನು ಕೂಗಿದರೂ ಮುಂದೆ ಕೇಳುವುದಿಲ್ಲ. ಆದರೆ ಕರೆಂಟು ಹೋಗಿತ್ತು. ಜಗಳದ ಭರದಲ್ಲಿ ಕಲ್ಲು ನಿಂತದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ಅವರು ಅಂಗಳದ ನಡುವೆ ಟವೆಲು ಹಿಡಿದು ನಿಂತಿದ್ದರು. ಅರ್ಧ ಮುಖ ಒರೆಸಿತ್ತು, ಅರ್ಧ ಮುಖದ ಮೇಲೆ ಹಿಟ್ಟು ಹಾಗೆಯೇ ಇತ್ತು.

ಶೀತಲ ಒಳಗೆ ಹೋದಳು.

"ಹಂಗಲ್ರೀ..." ಎಂದೆ.

ಅವರು ನನ್ನ ತಲೆಯ ಮೇಲಿನ ಅಬ್ಬಲಿಗೆಯನ್ನು ಒಂದು ಗಳಿಗೆ ನೋಡಿದರು. ತಿರುಗಿ ಗಿರಣಿಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಕ್, ಟಕ್ ಎಂದು ಸದ್ದು ಬಂತು. ಗಿರಣಿಯ ಕಲ್ಲು ಸವೆದರೆ ಅದನ್ನು ಉಳಿಯಿಂದ ಕಚ್ಚು ಹಾಕಿ ಹರಿತ ಮಾಡಬೇಕು. ಹದಿನೈದು ದಿನಕ್ಕೊಮ್ಮೆ ಮಾಡುವ ಕೆಲಸ ಅದು. ಹಿಂದಿನ ಸೋಮವಾರವೇ ಮಾಡಿ ಮುಗಿಸಿದ್ದರು.

ಆ ದಿನದಿಂದ ಕರೆಂಟು ಹೋದರೆ ಉಳಿಯ ಸದ್ದು. ಮರುದಿನವೂ, ಅದರ ಮರುದಿನವೂ. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಎರಡು ಗಂಟೆಗೆ ಶುರು, ನಾಲ್ಕಕ್ಕೆ ಕರೆಂಟು ಬರುವವರೆಗೆ. ಕಲ್ಲನ್ನು ದಿನಾ ಕೆತ್ತಿದರೆ ಹಿಟ್ಟಿನಲ್ಲಿ ಕಲ್ಲಿನ ಪುಡಿ ಸೇರುತ್ತದೆ. ಯಲ್ಲವ್ವ ಹಿಟ್ಟಿನ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದಳು. "ಹಿಟ್ಟೆಲ್ಲಾ ಕಸರ! ರೊಟ್ಟಿ ತಿಂದ್ರ ಹಲ್ಲ ಉದರಾಕ ಹತ್ಯಾವ. ನಿನ್ನ ಗಂಡಗ ಹೇಳ, ಕಲ್ಲ ಬಿಟ್ಟ ಮೊದಲಿನಂಗ ಮನಿಗೆ ಹೋಗ ಅಂತ." ಅಂದವಳೇ ನನ್ನ ಮುಖ ನೋಡಿ ಡಬ್ಬಿ ಎತ್ತಿಕೊಂಡು ಹೋದಳು. ಆಮೇಲೆ ಓಣಿಯಲ್ಲಿ ಆ ಚೇಷ್ಟೆಯನ್ನು ಯಾರೂ ಮಾಡಲಿಲ್ಲ.

ನಾನು ಸುಮ್ಮನೆ ಕೂರುವವಳಲ್ಲ. ಒಂದು ವಾರ ಆದ ಮೇಲೆ ಮಧ್ಯಾಹ್ನ ಗಿರಣಿಗೇ ಹೋದೆ. ಅವರು ಕಲ್ಲನ್ನು ಮಗುಚಿ ಹಾಕಿ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದರು.

"ಅವತ್ತ ಸಿಟ್ಟಿನಾಗ ಅಂದೇನ್ರಿ. ನಿಮ್ಮ ಅಕ್ಕನ ಬಾಯಿ ಮುಚ್ಚಸಾಕ ಅಂದೆ. ಬೇಕಾದ್ದು ನನಗೂ ಇತ್ತು."

"ನೋವು ಸುಳ್ಳೇನ?" ಎಂದು ಕೇಳಿದರು, ತಲೆ ಎತ್ತದೆ.

"ನೋವು ಖರೆ."

"ರಕ್ತ?"

"ಅದೂ ಖರೆ. ಆದ್ರ..."

"ನಾ ಕೇಳಿದ್ನೆಲ್ಲ ಸತ್ಯವ್ವ. ಹತ್ತ ಸಲಾ ಕೇಳೇನಿ." ಅವರ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನಾನು ಗೆಲ್ಲುತ್ತಿದ್ದೆ. "ಎತ್ತಿಗೆ ಹೆಗಲ ಹುಣ್ಣಾದ್ರ ಗಾಡಿ ಬಿಚ್ಚತೇವಿ. ನಾ ಎರಡ ವರ್ಷ ಏನ ಮಾಡೇನಿ ಹಂಗಾದ್ರ?"

"ಈಗ ಕಡಿಮಿ ಆಗೈತ್ರಿ. ಔಷಧ ಹತ್ತೈತಿ. ಶಿವನಾಣಿ, ಈಗ ನೋಯೂದಿಲ್ಲ."

ಅವರು ಉಳಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

"ಆಗೂ ಹಂಗ ಅಂದಿದ್ದಿ" ಅಂದರು.

ಎರಡು ವರ್ಷ ಸುಳ್ಳು ಹೇಳಲು ಬಳಸಿದ ಮಾತೂ ಈಗ ಖರೆ ಹೇಳಲು ಇರುವ ಮಾತೂ ಒಂದೇ. ಬೇರೆ ಮಾತು ಎಲ್ಲಿಂದ ತರಲಿ?

ಅವರು ನನ್ನನ್ನು ಬಿಡಲಿಲ್ಲ, ಬೈಯಲಿಲ್ಲ. ಬೇರೆ ಕೋಣೆಗೆ ಹೋಗಲೂ ಇಲ್ಲ. ರಾತ್ರಿ ಪಕ್ಕದಲ್ಲೇ ಮಲಗುತ್ತಾರೆ, ನಡುವೆ ಒಂದು ಮೊಳ ಜಾಗ ಬಿಟ್ಟು. ಟ್ಯೂಬು ಮುಗಿಯುವ ಲೆಕ್ಕ ಅವರೇ ಇಟ್ಟರು. ಮುಗಿಯುವ ನಾಲ್ಕು ದಿನ ಮೊದಲೇ ಸವದತ್ತಿಯ ಮೇಲೆ ಬೈಲಹೊಂಗಲಕ್ಕೆ ಹೋಗಿ, ಎರಡು ಬಸ್ಸು ಬದಲಿಸಿ, ಹೊಸದನ್ನು ತಂದು ಮಾಡದಲ್ಲಿ ಇಡುತ್ತಾರೆ. ಒಂದು ಸಲ ಡಾಕ್ಟರು ಕಿತ್ತೂರಿಗೆ ಹೋಗಿದ್ದಾರೆಂದು ಅಲ್ಲಿಯವರೆಗೂ ಹುಡುಕಿಕೊಂಡು ಹೋಗಿ ಚೀಟಿ ಬರೆಸಿಕೊಂಡು ಬಂದರು. ಬುಧವಾರ, ರವಿವಾರ ಊಟ ಆದ ಮೇಲೆ "ಔಷಧ ಮರೀಬ್ಯಾಡ" ಎಂದು ಹೇಳಿ, ನಾನು ಹಾಕಿಕೊಳ್ಳುವಷ್ಟು ಹೊತ್ತು ಕಟ್ಟೆಯ ಮೇಲೆ ಹೋಗಿ ಕೂರುತ್ತಾರೆ.

ಒಂದೆರಡು ಸಲ ನಾಚಿಕೆ ಬಿಟ್ಟು ನಾನೇ ಆ ಮೊಳ ಜಾಗ ದಾಟಿದೆ. ಕೈ ಹಿಡಿದೆ. ಅವರು ನನ್ನ ಕೈಯನ್ನು ತಟ್ಟಿ, ಮೆಲ್ಲಗೆ ನನ್ನ ಹೊಟ್ಟೆಯ ಮೇಲೆ ತಿರುಗಿ ಇಟ್ಟು, "ನನ್ನ ಸಲುವಾಗಿ ಇನ್ನ ಏನೂ ಮಾಡಬ್ಯಾಡ" ಅಂದರು. ನನ್ನ ಸಲುವಾಗಿ ಎಂದು ಹೇಳಿದೆ. ನಂಬಲಿಲ್ಲ.

ಎರಡು ಸಾವಿರದ ಐದರಲ್ಲಿ ಶೀತಲ ಹೆಣ್ಣು ಹೆತ್ತಳು. ತೊಟ್ಟಿಲು ಹಾಕುವ ದಿನ ಬಾಯವ್ವ ಉಡಿಕಿಯವಳು ತೊಟ್ಟಿಲ ಹಗ್ಗ ಮುಟ್ಟಬಾರದು ಎಂದು ತಕರಾರು ತೆಗೆದಳು. ಅವರು ಎಂದೂ ಅಕ್ಕನಿಗೆ ಎದುರಾಡಿದವರಲ್ಲ. ಅಂದು ಮಂದಿಯ ನಡುವೆ ಎದ್ದು ನಿಂತು, "ಇಕಿ ಕಟ್ಟಲಿಲ್ಲಂದ್ರ ತೊಟ್ಟಲಾ ಏರೂದಿಲ್ಲ. ಮೊದಲ ಇಕಿಗೆ ಉಡಿ ತುಂಬ, ಆಮ್ಯಾಲೆ ನೀ ಊಟಕ್ಕ ಕುಂದರು" ಅಂದರು. ಬಾಯವ್ವನ ಕೈಯಿಂದಲೇ ನನ್ನ ಉಡಿ ತುಂಬಿಸಿದರು. ಐದು ಹಿಡಿ ಅಕ್ಕಿ, ಒಂದು ಬಟ್ಟಲ ಕೊಬ್ಬರಿ, ಅರಿಷಿಣದ ಬೇರು. ಸೆರಗು ಒಡ್ಡಿ ಎರಡೂ ಕೈಯಿಂದ ಹಿಡಿದುಕೊಂಡೆ. ನಾನು ಬರೀ ಹಾಸಿಗೆಗೆ ಬಂದವಳಲ್ಲ ಎಂದು ಅವರು ಊರಿಗೆಲ್ಲ ತೋರಿಸಿದರು. ಇದು ಮೊದಲೇ ಗೊತ್ತಿದ್ದರೆ ಮೊದಲ ದಿನವೇ "ನೋಯತೈತ್ರಿ" ಎಂದು ಹೇಳುತ್ತಿದ್ದೆ. ಹೇಳಿದ್ದರೆ ಅಂದೇ ಬೈಲಹೊಂಗಲಕ್ಕೆ ಕರೆದುಕೊಂಡು ಹೋಗುತ್ತಿದ್ದರು.

ಮೊನ್ನೆ ಬೇಸಿಗೆಯಲ್ಲಿ ಅವರಿಗೆ ಎರಡು ದಿನ ಜ್ವರ ಬಂತು. ಮೂರನೇ ದಿನ ಜ್ವರ ಬಿಟ್ಟಿತು, ಗಿರಣಿಗೆ ಹೋದರು, ಆದರೆ ಉಳಿ ಹಿಡಿಯುವ ಶಕ್ತಿ ಇರಲಿಲ್ಲ. ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಯಿತು. ಐದು ವರ್ಷದ ಮೇಲೆ ಮೊದಲ ಸಲ ಆ ಹೊತ್ತಿನಲ್ಲಿ ಅಂಗಳದಲ್ಲಿ ಹೆಜ್ಜೆ ಕೇಳಿತು. ನಾನು ಕೋಣೆಯಲ್ಲಿ ಅಡ್ಡಾಗಿದ್ದೆ. ಅವರು ಬಂದು ಪಕ್ಕಕ್ಕೆ ಮಲಗಿದರು. ಹಿಟ್ಟಿನ ವಾಸನೆ ಬಂತು. ನನ್ನ ವಯಸ್ಸು ಐವತ್ತನಾಲ್ಕು. ಮೈಯಲ್ಲಿ ಎಲ್ಲಿಯೂ ಉರಿ ಇಲ್ಲ, ನೋವಿಲ್ಲ.

ಮಾತು ಆಡಿದರೆ ನಂಬುವು‍ದಿಲ್ಲ ಎಂದು ಗೊತ್ತಿತ್ತು. ಕಣ್ಣು ಮುಚ್ಚಿಕೊಂಡೇ ಕೊರಳಿಗೆ ಕೈ ಹಾಕಿ, ಟಾಕನ್ನು ನಾನೇ ಒಂದು ಬೆರಳಿನಿಂದ ಸರಿಸಿ ಬೆನ್ನ ಹಿಂದೆ ಹಾಕಿದೆ. ಹಾಕಿ ಅವರ ಕಡೆ ಹೊರಳಿ ಮಲಗಿದೆ. ಕಾದೆ.

ಬಹಳ ಹೊತ್ತಿನ ಮೇಲೆ ಅವರ ಕೈ ನನ್ನ ಕೊರಳಿಗೆ ಬಂತು. ನಿದ್ದೆಯಲ್ಲಿ ಸರಿದಿದೆ ಎಂದು ತಿಳಿದರೋ, ತಿಳಿದೂ ತಿಳಿದೂ ಮಾಡಿದರೋ, ಕೇಳುವ ಧೈರ್ಯ ನನಗಿಲ್ಲ. ದಾರವನ್ನು ಹುಡುಕಿ, ನನಗೆ ಎಚ್ಚರ ಆಗದಂತೆ ಮೆಲ್ಲಗೆ ಎಳೆದು, ಟಾಕನ್ನು ಮತ್ತೆ ನನ್ನ ಎದೆಯ ಮೇಲೆ ತಂದು ಇಟ್ಟರು. ಅದರ ಮೇಲೆ ಸೆರಗು ಹೊದಿಸಿದರು. ಎದ್ದು ಹೋದರು.

ಸ್ವಲ್ಪ ಹೊತ್ತಿಗೆ ಗಿರಣಿಯಿಂದ ಸದ್ದು ಶುರುವಾಯಿತು. ಕೈಯಲ್ಲಿ ಬಲ ಇಲ್ಲದ್ದಕ್ಕೆ ಅಂದು ಅದು ಮೆಲ್ಲಗೆ, ತಡೆದು ತಡೆದು ಬರುತ್ತಿತ್ತು.